ಒಂಬತ್ತು ಸ್ಟೂಲುಗಳ ಕೆಳಗಿನ ನೆಲ

ರೇಣುಕಾ, ಹೊಲಿಗೆ ಕ್ಲಾಸಿನ ನೆಲ ಹಾಳಾದದ್ದು ನಿನ್ನ ಊರುಗೋಲಿನಿಂದಲ್ಲ, ನನ್ನಿಂದ. ಅದು ನನಗೆ ಅಂದೇ ಗೊತ್ತಿತ್ತು — ಗೊತ್ತಿದ್ದೇ ನಿನ್ನತ್ತ ಬೆರಳು ತೋರಿಸಿದೆ.

ಆ ನೆಲ ಹಾಕಿದಾಗ ರಾಣೆಬೆನ್ನೂರಿನ ನೆಲಹಾಸಿನ ಅಂಗಡಿಯಲ್ಲಿ ನನಗೆ ಮೊದಲ ವರ್ಷ. ಲ್ಯಾಮಿನೇಟ್ ಹಲಗೆಯ ಪೆಟ್ಟಿಗೆಗಳ ಮೇಲೆ 'ಎಸಿ' ಎಂದು ಬರೆದು ಒಂದು ಅಂಕಿ ಹಾಕಿರುತ್ತಾರೆ. ಎಷ್ಟು ಸವೆತ ತಾಳುತ್ತದೆ ಎಂಬುದರ ಅಳತೆ ಅದು. ಎರಡು ಎಂದಿದ್ದರೆ ಮಲಗುವ ಕೋಣೆಗೆ, ನಾಲ್ಕು ಎಂದಿದ್ದರೆ ದಿನವಿಡೀ ಜನ ಓಡಾಡುವ ಜಾಗಕ್ಕೆ. ಬ್ಯಾಡಗಿಯಿಂದ ಬಂದ ನಿಮ್ಮ ಟೀಚರ್ ಶಾಂತಕ್ಕ, "ಎಸಿ ಅಂದ್ರ ಬ್ಯಾಸಗ್ಯಾಗ ತಂಪ ಕೊಡ್ತೈತೇನೋ ತಮ್ಮಾ?" ಎಂದು ನಕ್ಕರು. ತಿಳಿಸಿ ಹೇಳಿದೆ. ನಾಲ್ಕನ್ನೇ ಬರೆಸಿದರು.

ಹಾಕುವ ದಿನ ಗೋದಾಮಿನಲ್ಲಿ ಆ ಬಣ್ಣದಲ್ಲಿ ಎಸಿ ಎರಡು ಮಾತ್ರ ಇತ್ತು. ಒಂದು ವಾರ ಕಾಯಿರಿ ಎನ್ನಬಹುದಿತ್ತು — ಎನ್ನಲಿಲ್ಲ, ಯಾರಿಗೂ ಹೇಳದೆ ಅದನ್ನೇ ಹಾಕಿದೆ. ಡೈರಿಯಲ್ಲಿ ಮಾತ್ರ ತಪ್ಪದೆ ಬರೆದುಕೊಂಡೆ: ಸೋಮವಾರ, ಬ್ಯಾಡಗಿ, ಹದಿನಾರು ಪೆಟ್ಟಿಗೆ, ಎಸಿ ಎರಡು.

ಹದಿನಾಲ್ಕನೇ ತಿಂಗಳಿಗೆ ಕರೆ ಬಂತು, ಹೋಗಿ ನೋಡಿದೆ. ಬಾಗಿಲಿನಿಂದ ನಿನ್ನ ಮಷೀನಿನವರೆಗೆ ಮರದ ಬಣ್ಣ ಅಳಿದು ಒಳಪದರ ಕಾಣುತ್ತಿತ್ತು.

"ಯಾಕ ಹಿಂಗಾತೋ ತಮ್ಮಾ?" ಎಂದರು ಶಾಂತಕ್ಕ. "ನಾಲ್ಕು ನಂಬರಿಂದು ಅಂದಿದ್ದೆಲ್ಲ?"

ಮಷೀನುಗಳೆಲ್ಲ ನಿಂತವು. ನಾನು ನಿನ್ನ ಕಡೆ ನೋಡಿದೆ. "ಕೋಲಿನ ತುದಿ ತಿಕ್ಕೈತ್ರಿ ಅಕ್ಕಾರ. ಅದಕ್ಕ ಯಾವ ನಂಬರೂ ತಡಿಯಂಗಿಲ್ಲ."

ನೀನು ಗೋಡೆಗೆ ಒರಗಿ ಕೋಲನ್ನು ಎತ್ತಿ ಹಿಡಿದೆ. "ರಬ್ಬರ್ ಹೊಸಾದು ಹಾಕ್ಸೇನ್ರಿ ಅಣ್ಣಾರ... ಒಮ್ಮೆ ನೋಡ್ರಿ."

ನೋಡಲಿಲ್ಲ.

"ನಾಳಿಂದ ಹಾರಕೋತ ಬಾರವಾ!" ಎಂದು ಹಿಂದಿನ ಸಾಲಿನಿಂದ ಯಾರೋ ಅಂದರು. ನಗು. ಶಾಂತಕ್ಕ ನಗಲಿಲ್ಲ, "ಕಟ್ಟಿ ಮ್ಯಾಲ ಕುಂತು ಗುಂಡಿ ಹಚ್ಚವಾ, ಒಳಗ ಬ್ಯಾಡ" ಎಂದರು, ಅಷ್ಟೇ.

ಮುಂದಿನ ತಿಂಗಳು ಆ ದಾರಿಯ ಹಲಗೆ ಬದಲಿಸಲು ಹೋದಾಗ ನಿನ್ನ ಮಷೀನಿಗೆ ಬಟ್ಟೆ ಮುಚ್ಚಿತ್ತು. ಕಟ್ಟೆಯೂ ಖಾಲಿ. "ಕ್ಲಾಸ್ ಬಿಟ್ಲಪಾ" ಎಂದರು ಶಾಂತಕ್ಕ. ಈ ಸಲ ಎಸಿ ನಾಲ್ಕನ್ನೇ ಹಾಕಿದೆ — ನೀನಿಲ್ಲದ ದಾರಿಗೆ.

ಇದಾಗಿ ಎರಡು ವರ್ಷ. ನೀನು ಹೊಲಿಗೆ ಮುಂದುವರಿಸಿದೆಯೋ, ಇಲ್ಲವೋ... ವಿಚಾರಿಸುವ ಧೈರ್ಯವೂ ನನಗಿರಲಿಲ್ಲ. ನಿನ್ನತ್ತ ಬೆರಳು ತೋರಿಸಿದ ದಿನದ ಡೈರಿ ಪುಟ ಮಾತ್ರ ನನ್ನ ಬಳಿ ಇದೆ. ಸವೆದ ಜಾಗಗಳು — ಬಾಗಿಲ ದಾರಿ: ಒಂದು. ನೀನು ಎಂದೂ ಹೋಗದ ಮೂಲೆಗಳಲ್ಲಿ, ಬೇರೆಯವರ ಸ್ಟೂಲುಗಳ ಕೆಳಗೆ: ಒಂಬತ್ತು. ಬಾಯಿ ತೆರೆಯುವ ಮೊದಲೇ ಎಣಿಸಿ ಮುಗಿಸಿದ್ದೆ.

ಸೋಮವಾರ ಆ ಪುಟವನ್ನು ಕ್ಲಾಸಿನಲ್ಲಿ ಓದುತ್ತೇನೆ, ಎಲ್ಲರೂ ಕೂತಿರುವಾಗಲೇ. ಆಮೇಲೆ ಮೋಟೆಬೆನ್ನೂರಿಗೆ, ನಿಮ್ಮ ಮನೆಗೆ ಬರುತ್ತೇನೆ. ನೀನು ಬಾಗಿಲು ತೆರೆಯದಿದ್ದರೆ ಹೊರಗೆ ನಿಂತೇ ಓದುತ್ತೇನೆ.