ಮುಂದಿನ ಸೀಟಿನಾಕೆ

ಮೊದಲ ಸಲ ನಾವೆಲ್ಲ ನಕ್ಕೆವು.

ಭಾನುವಾರ ಮಧ್ಯಾಹ್ನ ನಮ್ಮ ಮನೆಯವರು ಊಟಕ್ಕೆ ಕೂತಿದ್ದರು. ಅನ್ನಕ್ಕೆ ಸಾರು ಕಲಸಿ, ತುತ್ತು ಎತ್ತಿ, ಬಾಯಿ ಹತ್ತಿರ ತಂದ ಕೈ ಅಲ್ಲೇ ನಿಂತುಬಿಟ್ಟಿತು. ಕಣ್ಣು ಮುಚ್ಚಿತ್ತು. ಬೆರಳ ಸಂದಿಯಿಂದ ಸಾರು ಮೊಣಕೈವರೆಗೆ ಇಳಿಯುತ್ತಿತ್ತು. ಮಗಳು ಕಾವ್ಯ ಮೊಬೈಲಿನಲ್ಲಿ ಫೋಟೋ ಹೊಡೆದಳು. "ಏನ್ರೀ, ಸಾರು ಅಷ್ಟು ಸಪ್ಪೆ ಆಗೈತಾ?" ಅಂದೆ ನಾನು. ಬೆಚ್ಚಿ ಕಣ್ಣು ಬಿಟ್ಟರು. ತಾವೆಲ್ಲಿದ್ದೀವಿ ಅಂತ ಸುತ್ತ ನೋಡಿ, ತುತ್ತು ಬಾಯಿಗೆ ಹಾಕಿಕೊಂಡು, ಆಮೇಲೆ ನಮ್ಮ ಜೊತೆ ತಾವೂ ನಕ್ಕರು.

ಅವರು ಸರ್ಕಾರಿ ಬಸ್ಸಿನ ಡ್ರೈವರ್.

ಹೆಸರು ಹಾಲೇಶಪ್ಪ. ಗಂಡನ ಹೆಸರು ಬಾಯಲ್ಲಿ ಹೇಳಬಾರದು ಅಂತಾರೆ, ಬರೆದರೆ ತಪ್ಪಿಲ್ಲ ಅಂದುಕೊಂಡಿದ್ದೀನಿ. ನಮ್ಮ ಮನೆ ಇರೋದು ಚನ್ನಗಿರಿಯಲ್ಲಿ. ನಾನು ಮನೆಯಲ್ಲೇ ಮಿಷನ್ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತೀನಿ. ತವರು ಜಗಳೂರು. "ಜಗಳೂರಿನ ಹೆಣ್ಣು ತಂದ ಮೇಲೆ ಮನೇಲಿ ಜಗಳ ಬರದೆ ಇನ್ನೇನು ಹೂವು ಬರ್ತಾವಾ?" ಅಂತ ನಮ್ಮತ್ತೆ ಬದುಕಿರೋವರೆಗೂ ಆಡಿಕೊಂಡರು. ನನ್ನ ಬಾಯಿ ಜೋರು, ಒಪ್ಪಿಕೊಳ್ಳುತ್ತೀನಿ. ಆ ಬಾಯಿ ಮುಂದೆ ಎಂಥ ಕೆಲಸಕ್ಕೆ ಬಂತು ಅನ್ನೋದು ನಮ್ಮತ್ತೆಗೆ ಗೊತ್ತಾಗಲಿಲ್ಲ.

ಇವರ ಗೊರಕೆ ನಮ್ಮ ಬೀದಿಗೆಲ್ಲ ಗೊತ್ತು. ಗೊರಕೆ ಅಂದರೆ ಗಡದ್ದು ನಿದ್ದೆ, ದುಡಿಯೋ ಗಂಡಸಿನ ಲಕ್ಷಣ ಅಂತ ಅತ್ತೆ ಹೆಮ್ಮೆಯಿಂದ ಹೇಳೋರು. ನಡುನಡುವೆ ಆ ಗೊರಕೆ ನಿಂತುಹೋಗುತ್ತಿತ್ತು. ನಿಂತಾಗ ನಾನು "ಸದ್ಯ" ಅಂತ ಮಗ್ಗುಲು ಬದಲಿಸುತ್ತಿದ್ದೆ. ಒಂದು ದಿನ ಯಾಕೋ ಅವರ ಎದೆ ಮೇಲೆ ಕೈ ಇಟ್ಟೆ.

ಗೊರಕೆ ಮಾತ್ರ ಅಲ್ಲ, ಉಸಿರೂ ನಿಂತಿತ್ತು.

ಅಲ್ಲಾಡಿಸೋಕೆ ಕೈ ಹಾಕುವಷ್ಟರಲ್ಲಿ ನೀರಿಂದ ಎದ್ದವರ ಹಾಗೆ ದೊಡ್ಡದಾಗಿ ಉಸಿರು ಎಳೆದು ಮತ್ತೆ ಗೊರಕೆ ಶುರು ಮಾಡಿದರು. ಬೆಳಿಗ್ಗೆ ಕೇಳಿದರೆ ಅವರಿಗೆ ಏನೂ ನೆನಪಿಲ್ಲ. ತಲೆ ಭಾರ ಅಂದರು, ಅಷ್ಟೇ. ಆ ವರ್ಷ ಖಾಕಿ ಅಂಗಿಯ ಕಾಲರ್ ಬಟನ್ ಕುತ್ತಿಗೆಗೆ ಬರುತ್ತಿರಲಿಲ್ಲ. ನಾನೇ ಬಿಚ್ಚಿ ದೊಡ್ಡದು ಮಾಡಿ ಹೊಲಿದೆ. "ಊಟ ಕಮ್ಮಿ ಮಾಡ್ರಿ" ಅಂತ ಬೈದು ಸುಮ್ಮನಾದೆ.

ಇಷ್ಟರಲ್ಲಿ ರಸ್ತೆ ಸುರಕ್ಷತೆಯ ಕಾರ್ಯಕ್ರಮ ಬಂತು. ಅಪಘಾತ ಮಾಡದ ಡ್ರೈವರುಗಳಿಗೆ ಸನ್ಮಾನ. ಇವರಿಗೂ ಶಾಲು, ಹಾರ, ಗಂಧದ ಮಾಲೆ. ವೇದಿಕೆ ಮೇಲೆ ಒಬ್ಬ ಅಧಿಕಾರಿ, ನಿದ್ದೆಗಣ್ಣಲ್ಲಿ ವಾಹನ ಓಡಿಸಬಾರದು ಅಂತ ಭಾಷಣ ಮಾಡುತ್ತಿದ್ದರು. ಅವರ ಪಕ್ಕದ ಕುರ್ಚಿಯಲ್ಲಿ ಹಾರ ಹಾಕಿಕೊಂಡ ನನ್ನ ಗಂಡ ಬಾಯಿ ಬಿಟ್ಟುಕೊಂಡು ಮಲಗಿದ್ದರು. ಸಭೆಯೆಲ್ಲ ಗೊಳ್ ಅಂತು. "ಆ ಭಾಷಣ ಕೇಳಿ ನಮಗೂ ನಿದ್ದೆ ಬಂದಿತ್ತು ಬಿಡ್ರಿ ಅಕ್ಕಾ" ಅಂತ ಕಂಡಕ್ಟರ್ ಮಂಜಪ್ಪ ಸಮಾಧಾನ ಹೇಳಿದ. ನನಗೆ ಆ ಸಲ ನಗು ಬರಲಿಲ್ಲ.

ಆ ವಾರವೇ ಡ್ಯೂಟಿ ಮುಗಿಸಿ ಬಂದವರು ಬಾಗಿಲಲ್ಲೇ ನಿಂತರು. ಶೂ ಬಿಚ್ಚಲಿಲ್ಲ.

"ಗಿರಿಜಾ, ಬಸವಾಪಟ್ಟಣ ಬಂದಿದ್ದು ಗೊತ್ತು. ನಲ್ಲೂರು ದಾಟಿದ್ದೇ ನೆನಪಿಲ್ಲ ಕಣೇ."

ನಲ್ಲೂರಲ್ಲಿ ಬಸ್ ನಿಂತಿತ್ತಂತೆ. ಜನ ಇಳಿದಿದ್ದರು, ಹತ್ತಿದ್ದರು. ಮಂಜಪ್ಪ ಸೀಟಿ ಹೊಡೆದಿದ್ದ. ಇವರೇ ಗೇರ್ ಹಾಕಿ ಹೊರಟಿದ್ದರು. ಒಂದೂ ನೆನಪಿಲ್ಲ ಅಂತಾರೆ. ಡಾಕ್ಟರಿಗೆ ತೋರಿಸೋಣ ನಡೀರಿ ಅಂದೆ. "ಡಾಕ್ಟರ್ ಬರೆದುಕೊಟ್ಟರೆ ಸ್ಟೇರಿಂಗ್ ಬಿಡಿಸಿ ಡಿಪೋ ಗೇಟಿಗೆ ಹಾಕ್ತಾರೆ. ಗೇಟ್ ತೆಗೆಯಾಕೆ, ಹಾಕಾಕೆ. ನಾನು ಹಂಗೆ ಬದುಕಲ್ಲ" ಅಂದರು. ಸಾಲದ್ದಕ್ಕೆ ನನ್ನಿಂದ ತಾಯಿ ಮೇಲೆ ಆಣೆ ಇಡಿಸಿಕೊಂಡರು, ಯಾರಿಗೂ ಹೇಳಬಾರದು ಅಂತ.

ಇನ್ನೇನು ಮಾಡಲಿ? ಹೆಂಗಸರಿಗೆ ಬಸ್ ಫ್ರೀ ಮಾಡಿತ್ತು ಸರ್ಕಾರ. ಮಾರನೇ ದಿನ ಮಗಳನ್ನು ಕಾಲೇಜಿಗೆ ಕಳಿಸಿ, ಮಿಷನ್ನಿಗೆ ಬಟ್ಟೆ ಹೊದಿಸಿ, ಆಧಾರ್ ಕಾರ್ಡ್ ಹಿಡಿದು ಗಂಡನ ಬಸ್ ಹತ್ತಿದೆ. ಚನ್ನಗಿರಿ, ನಲ್ಲೂರು, ಬಸವಾಪಟ್ಟಣ, ಹೊನ್ನಾಳಿ, ನ್ಯಾಮತಿ, ಅಲ್ಲಿಂದ ಶಿವಮೊಗ್ಗ. ಹೋಗೋದು, ಬರೋದು. ಎಡಗಡೆ ಮುಂದಿನ ಸೀಟು ನನ್ನದಾಯಿತು. ಅಲ್ಲಿ ಕೂತರೆ ಡ್ರೈವರ್ ತಲೆ ಮೇಲಿನ ಕನ್ನಡಿಯಲ್ಲಿ ಅವರ ಎರಡು ಕಣ್ಣು ಕಾಣುತ್ತವೆ. ಆ ಕನ್ನಡಿ ಪಕ್ಕದಲ್ಲೇ 'ಚಾಲಕರೊಂದಿಗೆ ಮಾತನಾಡಬಾರದು' ಅಂತ ಬರೆದಿತ್ತು.

ನಾನು ಮಾತಾಡಿದೆ. ಒಳ್ಳೆ ಮಾತಿಗೆ ಅವರು ಹೂಂ ಅನ್ನೋರು, ಹೂಂ ಅನ್ನುತ್ತಲೇ ರೆಪ್ಪೆ ಇಳಿಯುತ್ತಿತ್ತು. ಸಿಟ್ಟು ಬಂದ ಮನುಷ್ಯನಿಗೆ ನಿದ್ದೆ ಬರಲ್ಲ ಅಂತ ಎರಡೇ ದಿನದಲ್ಲಿ ಕಲಿತುಕೊಂಡೆ. ಆಮೇಲೆ ಕನ್ನಡಿಯಲ್ಲಿ ಕಣ್ಣು ಸಣ್ಣಗಾದರೆ ಸಾಕು, ಜಗಳ ತೆಗೆಯುತ್ತಿದ್ದೆ. "ಅಲ್ರೀ, ನಿಮ್ಮ ತಮ್ಮ ಒಯ್ದ ಮಿಕ್ಸಿ ಈ ಜನ್ಮದಾಗೆ ವಾಪಸ್ ಬರುತ್ತೋ ಇಲ್ವೋ?" ಅನ್ನೋದು. "ನಮ್ಮ ಮದುವ್ಯಾಗೆ ಪಾಯಸ ಸಾಲಲಿಲ್ಲ ಅಂತ ಎದ್ದು ಹೋದೋರು ಯಾರ ಕಡೆಯೋರು?" ಅನ್ನೋದು. ಅವರು ಕೆಂಡವಾಗಿ, "ಸುಮ್ನೆ ಕೂರ್ತೀಯೋ ಇಲ್ಲ ಇಳಿಸ್ಲೋ!" ಅಂತ ಕೂಗೋರು. ಕಣ್ಣು ಪೂರ್ತಿ ತೆರೆದಿರುತ್ತಿದ್ದವು. ನನಗೆ ಅಷ್ಟೇ ಬೇಕಿತ್ತು.

ಬಸ್ಸಿನವರು ಬೇರೆಯೇ ಲೆಕ್ಕ ಹಾಕಿದರು. ಗಂಡನ ಬೆನ್ನು ಹತ್ತಿ ದಿನಾ ಬರುತ್ತಾಳೆ, ದಿನಾ ಜಗಳ ಆಡುತ್ತಾಳೆ ಅಂದರೆ ಈ ದಾರಿಯಲ್ಲಿ ಡ್ರೈವರಿಗೆ ಯಾರೋ ಇರಬೇಕು. ಹೊನ್ನಾಳಿಯವಳು ಅಂದರು ಕೆಲವರು. ನ್ಯಾಮತಿಯವಳು ಅಂದರು ಇನ್ನು ಕೆಲವರು. "ಕಾಯ್ದು ಕಾಯ್ದು ಎಷ್ಟು ದಿನ ಕಾಯ್ತೀಯವ್ವ? ಗಂಡಸರ ಬುದ್ಧಿ" ಅಂತ ಒಬ್ಬಾಕೆ ನನ್ನ ಬೆನ್ನು ಸವರಿದಳು. ಫ್ರೀ ಬಸ್ ಸಿಕ್ಕಿದ್ದಕ್ಕೆ ಹೆಂಗಸರು ಮೆರೀತಾರೆ ಅಂತ ಒಬ್ಬ ಯಜಮಾನ ಗೊಣಗಿದ. ನಾನು ಯಾರಿಗೂ ಇಲ್ಲ ಅನ್ನಲಿಲ್ಲ. ಇಲ್ಲದ ಸವತಿಯನ್ನು ಇದ್ದಾಳೆ ಅಂತ ಒಪ್ಪಿಕೊಂಡರೆ ಇದ್ದ ಕಾಯಿಲೆ ಮುಚ್ಚಿಹೋಗುತ್ತಿತ್ತು. ನಮ್ಮೆಜಮಾನರೂ ಆ ಮಾತು ಕೇಳಿಸಿಕೊಂಡು ಸುಮ್ಮನಿದ್ದರು. ಅದು ಮಾತ್ರ ನನಗೆ ಈಗಲೂ ನೋಯುತ್ತೆ.

ರಾತ್ರಿ ಅವರ ಉಸಿರು ಕಾಯೋದು, ಹಗಲು ಅವರ ಕಣ್ಣು ಕಾಯೋದು. ನನ್ನ ದೇಹವೂ ಮನುಷ್ಯರ ದೇಹವೇ ತಾನೆ. ಹೊಲಿಯೋಕೆ ಕೂತರೆ ಸೂಜಿ ಎರಡಾಗಿ ಕಾಣುತ್ತಿತ್ತು.

ಅವತ್ತು ಬಸವಾಪಟ್ಟಣ ದಾಟಿದ ಮೇಲೆ ರಸ್ತೆ ಚಾನಲ್ ಪಕ್ಕಕ್ಕೆ ಬಂತು. ನಾಲೆಗೆ ಭದ್ರಾ ನೀರು ಬಿಟ್ಟಿದ್ದರು. ಚಾನಲ್ ಅಂಚಿನವರೆಗೆ ತುಂಬಿ ಹರಿಯುತ್ತಿತ್ತು. ಅಲ್ಲಿ ತಡೆಗೋಡೆ ಇಲ್ಲ. ಬಸ್ ತುಂಬ ಜನ. ಕಿಟಕಿಯಿಂದ ತಣ್ಣಗೆ ಗಾಳಿ ಬರುತ್ತಿತ್ತು. ಕನ್ನಡಿ ನೋಡಿದೆ, ಅವರ ಕಣ್ಣು ತೆರೆದಿದ್ದವು. ಒಂದು ಗಳಿಗೆ ಸೀಟಿಗೆ ತಲೆ ಆನಿಸಿದೆ.

"ಯಪ್ಪಾ, ನೀರು! ನೀರು!"

ನನ್ನ ಹಿಂದಿದ್ದ ಮುದುಕಿ ಕೂಗಿದ್ದು. ನಾನು ಕಣ್ಣು ಬಿಟ್ಟಾಗ ಎದುರಿನ ಗಾಜಿನಲ್ಲಿ ರಸ್ತೆ ಇರಲಿಲ್ಲ, ಬರೀ ನೀರಿತ್ತು. ಅವರು ಬ್ರೇಕ್ ತುಳಿದರು. ನಿಂತವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ಬಸ್ ವಾಲಿ ನಿಂತಿತು. ಇಳಿದು ನೋಡಿದರೆ ಮುಂದಿನ ಒಂದು ಗಾಲಿ ಏರಿಯ ಮಣ್ಣನ್ನು ಕೊರೆದುಕೊಂಡು ಕೂತಿತ್ತು. ಅದರಾಚೆ ಒಂದು ಮೊಳ ಮಣ್ಣು, ಆಮೇಲೆ ಚಾನಲ್.

ಯಾರಿಗೂ ಏನೂ ಆಗಲಿಲ್ಲ. ಜನ ಇಳಿದು ಇವರ ಕೈ ಹಿಡಿದುಕೊಂಡರು. ಸ್ಟೇರಿಂಗ್ ಕಟ್ಟಾಗಿರಬೇಕು, ಡ್ರೈವರ್ ಹುಷಾರಿದ್ದುದಕ್ಕೆ ಬದುಕಿದೆವು ಅಂದರು. "ದೇವರು ಬಂದಂಗೆ ಬಂದು ಉಳಿಸಿದ್ಯಪ್ಪ, ನಿನ್ನ ಹೊಟ್ಟೆ ತಣ್ಣಗಿರಲಿ" ಅಂತ ಅದೇ ಮುದುಕಿ ಅವರ ಮುಖ ಸವರಿ ಲಟಿಕೆ ಮುರಿದಳು. ಅವರು ಜನರ ತಲೆಗಳ ಮೇಲಿಂದ ನನ್ನನ್ನೇ ನೋಡುತ್ತಿದ್ದರು.

ಮಾರನೇ ಬೆಳಿಗ್ಗೆ ನಾನು ಬಸ್ ಹತ್ತಲಿಲ್ಲ. ಅವರಿಗಿಂತ ಮುಂಚೆ ಡಿಪೋಕ್ಕೆ ಹೋದೆ.

ಮ್ಯಾನೇಜರ್ ನನ್ನ ಮುಖ ಕಂಡ ಕೂಡಲೇ ಕುರ್ಚಿ ತೋರಿಸಿ, ನಿಟ್ಟುಸಿರು ಬಿಟ್ಟು, "ಕೂತ್ಕೊಳ್ರಮ್ಮ. ವಿಷಯ ನನ್ನ ಕಿವಿಗೂ ಬಿದ್ದೈತೆ. ಯಾರು ಆ ಹೆಣ್ಣುಮಗಳು?" ಅಂದರು.

ಅಳಬೇಕೋ ನಗಬೇಕೋ ತಿಳಿಯಲಿಲ್ಲ. "ಹೆಣ್ಣೂ ಇಲ್ಲ ಮಣ್ಣೂ ಇಲ್ಲ ಸಾರ್. ಅವರಿಗೆ ಸ್ಟೇರಿಂಗ್ ಮೇಲೆ ನಿದ್ದೆ ಬರ್ತೈತೆ" ಅಂದೆ. ಆಣೆ ಮುರಿಯಿತು. ಮ್ಯಾನೇಜರ್ ಇವರ ಫೈಲ್ ತರಿಸಿ ನೋಡಿದರು. ಆಮೇಲೆ, "ಫಿಟ್‌ನೆಸ್ ಟೆಸ್ಟಲ್ಲಿ ಎಲ್ಲಾ ಸರಿ ಐತಲ್ಲಮ್ಮ" ಅಂದರು. ಇರುತ್ತೆ. ಕಣ್ಣು ನೋಡುತ್ತಾರೆ, ಕಿವಿ ನೋಡುತ್ತಾರೆ, ಬಿಪಿ, ಶುಗರ್ ನೋಡುತ್ತಾರೆ. ರಾತ್ರಿ ಹೆಂಗೆ ಮಲಗ್ತೀಯಪ್ಪ ಅಂತ ಯಾರೂ ಕೇಳಲ್ಲ. ಕೇಳಿದರೂ ಅವನಿಗೇನು ಗೊತ್ತು? ಅದನ್ನು ಹೆಂಡತಿಯನ್ನು ಕರೆದು ಕೇಳಬೇಕು. ಅಂಥ ಕಾನೂನು ನಮ್ಮಲ್ಲಿ ಇನ್ನೂ ಬಂದಿಲ್ಲ. ಅವತ್ತೇ ಇವರನ್ನು ಬಸ್ಸಿಂದ ಇಳಿಸಿದರು.

ದಾವಣಗೆರೆಯ ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರ್ ಮೊದಲು ಮಾಡಿದ ಕೆಲಸ ಟೇಪ್ ತೆಗೆದು ಇವರ ಕುತ್ತಿಗೆ ಅಳತೆ ತೆಗೆದುಕೊಂಡಿದ್ದು. ನನಗೆ ನಾನು ಬಿಚ್ಚಿ ಹೊಲಿದ ಕಾಲರ್ ನೆನಪಾಯಿತು. ಸ್ಲೀಪ್ ಸ್ಟಡಿ ಮಾಡಿದರು. ತಲೆ, ಎದೆ, ಬೆರಳಿಗೆಲ್ಲ ವೈರ್ ಅಂಟಿಸಿ ಮಲಗಿಸಿದರು. ಬೆಳಿಗ್ಗೆ ರಿಪೋರ್ಟ್ ಹಿಡಿದು ಡಾಕ್ಟರ್ ಅಂದರು: "ಇದು ಸ್ಲೀಪ್ ಅಪ್ನಿಯಾ, ಕುತ್ತಿಗೆ ದಪ್ಪ ಇರೋರಿಗೆ ಜಾಸ್ತಿ. ಮಲಗಿದ ಕೂಡಲೇ ಗಂಟಲು ಮುಚ್ಕೊಳ್ಳುತ್ತೆ, ಆಕ್ಸಿಜನ್ ಇಳಿಯುತ್ತೆ, ಮೆದುಳು ಎಬ್ಬಿಸುತ್ತೆ. ಮತ್ತೆ ಮಲಗ್ತಾರೆ, ಮತ್ತೆ ಮುಚ್ಕೊಳ್ಳುತ್ತೆ. ನಿಮ್ಮ ಯಜಮಾನರು ವರ್ಷಗಳಿಂದ ಸರಿಯಾಗಿ ನಿದ್ದೆನೇ ಮಾಡಿಲ್ಲಮ್ಮ."

ಬೀದಿಗೆಲ್ಲ ಕೇಳಿಸೋ ಹಾಗೆ ಗೊರಕೆ ಹೊಡೆದ ಮನುಷ್ಯ ನಿದ್ದೆನೇ ಮಾಡಿರಲಿಲ್ಲ.

ಸಿಪ್ಯಾಪ್ ಅಂತ ಒಂದು ಮೆಷಿನ್ ಬಂತು. ಮೂಗಿಗೆ ಮಾಸ್ಕ್ ಕಟ್ಟಿ, ಪೈಪಿಂದ ಗಾಳಿ ಒತ್ತಿ, ಗಂಟಲು ಮುಚ್ಚದ ಹಾಗೆ ಹಿಡಿಯುತ್ತೆ. ಮೊದಮೊದಲು ಕಿತ್ತು ಬಿಸಾಕುತ್ತಿದ್ದರು. ನನ್ನ ಜೊತೆ ಮಾತು ಬಿಟ್ಟಿದ್ದರು. ಊಟಕ್ಕೆ ಬಡಿಸಾಕೆ ಹೇಳು ನಿಮ್ಮವ್ವಂಗೆ ಅಂತ ಮಗಳ ಮೂಲಕ ಹೇಳಿಸೋರು. ಅವರು ಹೆದರಿದ್ದೇ ಆಯಿತು, ಡಿಪೋ ಗೇಟಿಗೆ ಹಾಕಿದರು. ಮಂಜಪ್ಪನ ಬಸ್ ಹೊರಗೆ ಹೋಗೋವಾಗ ಇವರು ಗೇಟ್ ತೆಗೆದು ನಿಲ್ಲಬೇಕು. ಅದನ್ನು ಒಂದು ದಿನ ನಾನು ದೂರದಿಂದ ನೋಡಿದೆ. ಮನೆಗೆ ಬಂದು ಅತ್ತುಬಿಟ್ಟೆ.

ಒಂದು ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದೆ. ಅಡಿಗೆಮನೆ ಬಾಗಿಲಿಗೆ ಬಂದು ನಿಂತರು. ಮುಖದ ಮೇಲೆ ಮಾಸ್ಕಿನ ಗುರುತು ಕೆಂಪಗಿತ್ತು.

"ಕನಸು ಬಿತ್ತು ಕಣೇ."

ನಿದ್ದೆ ಆಳಕ್ಕೆ ಇಳಿದರೆ ಕನಸು ವಾಪಸ್ ಬರುತ್ತೆ ಅಂತ ಡಾಕ್ಟರ್ ಹೇಳಿದ್ದರು. ಎಷ್ಟು ವರ್ಷದ ಮೇಲೆ ಬಿದ್ದ ಕನಸೋ ಏನೋ. ಏನು ಕನಸು ಅಂದೆ. "ಬಸ್ ಓಡಿಸ್ತಿದ್ದೆ. ನೀನು ಮುಂದಿನ ಸೀಟಿನಾಗೆ ಕೂತಿದ್ದೆ. ಮಿಕ್ಸಿ ವಿಷಯ ತೆಗ್ದಿದ್ದೆ." ಆಮೇಲೆ ಹಣೆ ಚಚ್ಚಿಕೊಂಡು ನಕ್ಕರು. ನನ್ನ ರೊಟ್ಟಿ ಸೀದು ಹೋಯಿತು, ಹೋಗಲಿ ಬಿಡು ಅಂದುಕೊಂಡೆ. ಕಾಯಿಲೆ ವಾಸಿಯಾಗಲ್ಲವಂತೆ, ಮೆಷಿನ್ ಜೊತೆ ಬಾಳಬೇಕಂತೆ. ಕರೆಂಟ್ ಹೋದರೆ ನಾನು ಎದ್ದು ಕೂರುತ್ತೀನಿ. ಆದರೂ ಅವರು ಬದುಕಿದ್ದಾರೆ, ಅವತ್ತು ಬಸ್ಸಿನಲ್ಲಿದ್ದವರೂ ಬದುಕಿದ್ದಾರೆ. ಡಾಕ್ಟರಿಗೂ ಆ ಮುದುಕಿಯ ಗಂಟಲಿಗೂ ನನ್ನ ನಮಸ್ಕಾರ.

ಇಲ್ಲಿಗೆ ಮುಗಿಸೋಣ ಅಂತಿದ್ದೆ. ಕಳೆದ ವಾರ ನ್ಯಾಮತಿಯಲ್ಲಿರೋ ಅಕ್ಕನ ಮನೆಗೆ ಹೊರಟೆ. ಅದೇ ಬಸ್, ಅದೇ ಮಂಜಪ್ಪ. ಡ್ರೈವರ್ ಮಾತ್ರ ಹೊಸಬ, ಗುತ್ತಿಗೆ ಮೇಲೆ ಬಂದವನು. ಡ್ರೈವರ್ ಕಮ್ಮಿ, ಟ್ರಿಪ್ ಜಾಸ್ತಿ. ಹೆಂಡತಿ ಮಕ್ಕಳು ದೂರದ ಊರಲ್ಲಿ ಅಂದ ಮಂಜಪ್ಪ. ಈ ಸಲ ಆರಾಮಾಗಿ ಕೂರೋಣ ಅಂತ ನಡುವಿನ ಸೀಟು ಹಿಡಿದೆ. ಬಸವಾಪಟ್ಟಣ ದಾಟಿತು. ಚಾನಲ್ ಬಂತು. ಅಭ್ಯಾಸ ಬಿಡಬೇಕಲ್ಲ, ಕತ್ತು ಉದ್ದ ಮಾಡಿ ಕನ್ನಡಿ ನೋಡಿದೆ.

ರೆಪ್ಪೆ ಇಳಿಯುತ್ತಿತ್ತು.

ಎದ್ದು ಮುಂದೆ ಹೋದೆ. ಎಡಗಡೆ ಸೀಟಿನಲ್ಲಿದ್ದ ಹುಡುಗಿಯನ್ನು, "ಎದ್ದೇಳವ್ವ, ನನಗೆ ವಾಂತಿ ಬರ್ತೈತೆ" ಅಂತ ಎಬ್ಬಿಸಿ ಕೂತೆ. "ಊಟ ಆಯ್ತೇನಪ್ಪಾ?" ಅಂತ ಜೋರಾಗಿ ಕೇಳಿದೆ. ಬೆಚ್ಚಿಬಿದ್ದು ಕಣ್ಣು ಬಿಟ್ಟ. "ಆಯ್ತಮ್ಮ." ಎಲ್ಲಿ ಮಲಗ್ತೀಯಪ್ಪ ಅಂದೆ. ಡಿಪೋ ರೂಮಲ್ಲೇ ಅಂದ. "ಗೊರಕೆ ಹೊಡೀತೀಯಾ?"

ಅವನು ನಕ್ಕ. "ಒಬ್ಬನೇ ಮಲಗೋನಿಗೆ ಹೆಂಗೆ ಗೊತ್ತಾಗ್ಬೇಕಮ್ಮ?"

ಹೊನ್ನಾಳಿ ಸೇತುವೆ ದಾಟಿದೆವು. ನ್ಯಾಮತಿ ಬಂತು. ಅಕ್ಕ ಸ್ಟ್ಯಾಂಡಿನಲ್ಲಿ ನಿಂತು ಕೈ ಬೀಸುತ್ತಿದ್ದಳು. ಮಂಜಪ್ಪ ಬಾಗಿಲು ತೆಗೆದು, "ಇಳೀರಿ ಅಕ್ಕಾ" ಅಂದ. ಕನ್ನಡಿಯಲ್ಲಿ ಡ್ರೈವರ್ ಕಣ್ಣು ಮತ್ತೆ ಸಣ್ಣಗಾಗಿದ್ದವು.

"ಶಿವಮೊಗ್ಗಕ್ಕೆ ಒಂದು ಕೊಡಪ್ಪ" ಅಂತ ಮಂಜಪ್ಪನ ಕೈಗೆ ಆಧಾರ್ ಕಾರ್ಡ್ ಕೊಟ್ಟು, ಡ್ರೈವರ್ ಕಡೆ ತಿರುಗಿದೆ.

"ಅಲ್ಲಪ್ಪಾ, ನಿಮ್ಮೂರಿನೋರು ಭಾರೀ ಜಿಪುಣರಂತೆ, ಹೌದಾ?"