ಮೊಯ್ದಿನಾಕ ನೋಡಿದ ಕೋಟೆಗಳು
ವೇಲ್ಸ್‌ನ ಕಾಲುವೆಗಳಲ್ಲಿ ಬಾಡಿಗೆ ದೋಣಿ ನಡೆಸಿ, ದಡದ ಹಳೆಯ ಕೋಟೆಗಳನ್ನೆಲ್ಲ ನೋಡಿ ರಜೆ ಮುಗಿಸಿ ಬಂದ ಮೇಲೆ ದೋಹಾದ ಮೊಯ್ದಿನಾಕನಿಗೆ ಕತಾರ್‌ನಲ್ಲಿ ಏನೂ ರುಚಿಸುತ್ತಿಲ್ಲ. ಅಲ್ಲಿನ ಹಳೆಪೇಟೆ ಸೂಕ್ ವಾಕಿಫ್‌ನಲ್ಲಿ ಚಾ ಕುಡಿಯುತ್ತ, "ಗೋಡೆ ಅಂದ್ರೆ ಅದು ಮಾರಾಯ, ಪಾಚಿ ಹಿಡಿದು ಕಪ್ಪಾದದ್ದು. ಇಲ್ಲಿಯದ್ದು ಮೊನ್ನೆ ಪೇಂಟ್ ಹೊಡೆದ ಹಾಗುಂಟು" ಎನ್ನುತ್ತಾರೆ. ಮನ್ಸೂರಾ ಬಡಾವಣೆಯ ಹೋಟೆಲಿನಲ್ಲಿ ನೀರುದೋಸೆ ತಣ್ಣಗಾಗುವವರೆಗೂ ಎದುರು ಕೂತವರನ್ನು ಗೋಪುರದ ಸುತ್ತುಮೆಟ್ಟಿಲು ಹತ್ತಿಸುತ್ತಾರೆ. ಕೆಳಗಿನ ಸೆರೆಮನೆಗೆ ಇಳಿಸುವಾಗ ದನಿ ತಗ್ಗಿಸುತ್ತಾರೆ. ಯಾರಾದರೂ ಏಳಹೊರಟರೆ, "ಇದೊಂದು ಕೋಟೆ, ಮತ್ತೆ ಖಲಾಸ್" ಎಂದು ಕೈಹಿಡಿದು ಕೂರಿಸುತ್ತಾರೆ. ಪಕ್ಕದಲ್ಲಿ ಹೆಂಡತಿ ಮುನೀರಾ, ಅವರು ಮರೆತ ಕಿಟಕಿಯನ್ನೋ ಬಾಗಿಲನ್ನೋ ಮೆಲ್ಲನೆ ನೆನಪಿಸುತ್ತಾಳೆ. ಅವರು ಒಂದು ಕೋಟೆಯೊಳಗೂ ಕಾಲಿಟ್ಟಿಲ್ಲವೆಂದು ಗೊತ್ತಿರುವುದು ಅವಳಿಗೊಬ್ಬಳಿಗೇ. ನೇತ್ರಾವತಿಯ ಕಡವಿನಲ್ಲಿ ಜನರನ್ನು ದಾಟಿಸುತ್ತಿದ್ದ ಅಂಬಿಗನ ಮಗ ಅವರು. ಪ್ರತಿ ಕೋಟೆಯ ಬುಡದಲ್ಲೂ, "ನೀನು ನೋಡಿ ಬಾ, ದೋಣಿ ಬಿಟ್ಟು ಬರ್ಲಿಕ್ಕೆ ಆಗುದಿಲ್ಲ" ಎಂದು ಹಗ್ಗ ಹಿಡಿದು ಕೂತಿದ್ದರು. ಅವಳು ಮರಳಿ ಬಂದು ಹೇಳಿದ್ದೇ ಈ ಕೋಟೆಗಳೆಲ್ಲ. ಅವರ ಅಪ್ಪನೂ ಹೀಗೆಯೇ, ದಾಟಿಸಿದ ದಿಬ್ಬಣದವರ ಮದುವೆಯೂಟವನ್ನು ದೋಣಿಯಲ್ಲೇ ಕೂತು ಕೇಳಿಕೊಂಡು, ಮನೆಗೆ ಬಂದು ಮಕ್ಕಳಿಗೆ ಹೊಟ್ಟೆತುಂಬ ಬಡಿಸುತ್ತಿದ್ದರಂತೆ.