ಚಾವಡಿಗೆ ಬಂದ ಟೋಸ್ಟರ್

ಬ್ರಹ್ಮಾವರದ ಒಳಭಾಗದ ನಮ್ಮ ಊರಿಗೆ ಮೊತ್ತಮೊದಲ ಟೋಸ್ಟರ್ ತಂದವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಊರಿಗೆ ಮೊದಲ ರೇಡಿಯೋ ತಂದವರು, ಮೊದಲ ಮೋಟಾರ್ ಸೈಕಲ್ ತಂದವರು ಇವತ್ತಿಗೂ ಮದುವೆ ಮನೆಯಲ್ಲಿ ಸಿಕ್ಕಿದರೆ ಅದೇ ಕಥೆ ಹೇಳಿ ತಲೆ ತಿನ್ನುತ್ತಾರೆ. ಅವರು ತಂದದ್ದರಲ್ಲಿ ಒಂದು ಹಾಡಿತು, ಇನ್ನೊಂದು ಓಡಿತು. ಅಷ್ಟೇ ತಾನೇ? ನಾನು ತಂದದ್ದು ಮಾಡಿದ ಕೆಲಸ ಅವೆರಡೂ ಸೇರಿದರೂ ಆಗುವಂಥದ್ದಲ್ಲ.

ಅರವತ್ತರ ದಶಕ ಮುಗಿಯುತ್ತಿದ್ದ ಕಾಲವದು. ನಮ್ಮ ಕಡೆ ಬ್ರೆಡ್ ಎಂದರೆ ಜ್ವರ. ಕುಂದಾಪುರದ ಬೇಕರಿಯಿಂದ ಬ್ರೆಡ್ ಹಿಡಿದುಕೊಂಡು ಬಸ್ಸಿಳಿದವರನ್ನು ಕಂಡರೆ ಸಾಕು, "ಹ್ವಾಯ್, ಮನಿಯಗೆ ಯಾರಿಗ್ ಜ್ವರ?" ಎಂದು ದಾರಿಯುದ್ದಕ್ಕೂ ವಿಚಾರಿಸುವರು. ಬೈಂದೂರಿನಲ್ಲಿ ನನ್ನ ಅಪ್ಪನದು ಚಹಾ ಹೋಟೆಲು. ಅಲ್ಲಿಯೂ ಬನ್ಸ್, ಗೋಳಿಬಜೆ, ಅವಲಕ್ಕಿ ಬಿಟ್ಟರೆ ಗಟ್ಟಿಮುಟ್ಟಾದ ಮನುಷ್ಯರು ಬ್ರೆಡ್ ಕೇಳಿದ್ದನ್ನು ನಾನು ಕಂಡವಳಲ್ಲ.

ಹಾಗಿರುವಾಗ ನನ್ನ ಮಾವ, ಅಂದರೆ ಗಂಡನ ಅಪ್ಪ, ಬೊಂಬಾಯಿಗೆ ಹೋಗಿಬಂದರು. ಹಿರಿಯ ಮಗ ಅಲ್ಲಿ ಹೋಟೆಲ್ ಕೆಲಸದಲ್ಲಿದ್ದ. ಮಳೆಗಾಲ ಮುಗಿಯುವವರೆಗೆ ಅವನ ಮನೆಯಲ್ಲಿದ್ದು ಬಂದ ಮಾವ ತಮ್ಮ ಜೊತೆಗೆ ಒಂದು ಹೊಸ ಚಟವನ್ನೂ ತಂದರು. ಬೆಳಿಗ್ಗೆ ಚಹಾದ ಜೊತೆ ಅವರಿಗೆ ಟೋಸ್ಟ್ ಬೇಕು. ಕಂಡಕ್ಟರನಿಗೆ ಹೇಳಿ ಕುಂದಾಪುರದಿಂದ ಬ್ರೆಡ್ ತರಿಸತೊಡಗಿದರು. ತರಿಸುವುದೇನೋ ಸುಲಭ. ಅದನ್ನು ಸುಡುವ ಕೆಲಸ ಬಿದ್ದದ್ದು ಅತ್ತೆಯ ತಲೆಗೆ.

ಅತ್ತೆ ಅದನ್ನು ಕಾವಲಿಯ ಮೇಲೆ ಸುಟ್ಟರು. ಮಾವ ಮೂಸಿ ನೋಡಿ ತಟ್ಟೆ ದೂಡಿದರು. "ಎಂತದಿದ್? ನೀರ್‌ದೋಸಿ ವಾಸ್ನಿ ಬತ್ತ್. ಬೊಂಬಾಯಗೆ ಹೀಂಗಲ್ಲ." ಮರುದಿನ ಕೆಂಡದ ಮೇಲೆ ಹಿಡಿದು ಸುಟ್ಟರು. ಹೊಗೆ ವಾಸನೆ ಎಂದರು. ಬೇರೆ ಕಾವಲಿಯಲ್ಲಿ ಸುಟ್ಟರೆ ನಡುವೆ ಕಪ್ಪು, ಅಂಚಿನಲ್ಲಿ ಹಸಿ ಎಂದರು. ಅತ್ತೆ ಎದುರಾಡಿದವರಲ್ಲ. ಆದರೆ ಒಂದು ದಿನ ನನ್ನ ಹತ್ತಿರ ಮೆಲ್ಲಗೆ ಹೇಳಿದರು: "ಈ ಒಲಿ ಎದ್ರಿಗೇ ಮುದ್ಕಿ ಆದೆ ಮಗಾ. ಒಂದ್ ತುಂಡ್ ಬ್ರೆಡ್ ಸುಡೂಕೆ ಬತ್ತಿಲ್ಲೆ ಅಂತ್ರಲ್ಲ." ನನಗೆ ಮೈಯೆಲ್ಲ ಉರಿದುಹೋಯಿತು.

ಉರಿಯಲು ಇನ್ನೊಂದು ಕಾರಣವೂ ಇತ್ತು. ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ನಾನು ನೋಡುತ್ತಲೇ ಇದ್ದೆ. ಅತ್ತೆ ಎರೆದ ಮೊದಲ ದೋಸೆ ಮಾವನಿಗೆ, ಆಮೇಲಿನದು ಗಂಡುಮಕ್ಕಳಿಗೆ, ಆಮೇಲೆ ಮೊಮ್ಮಕ್ಕಳಿಗೆ, ಆಮೇಲೆ ಕೆಲಸದವರಿಗೆ. ಒಲೆ ಆರಿದ ಮೇಲೆ ಹಿಟ್ಟಿನ ಪಾತ್ರೆಯ ತಳದಲ್ಲಿ ಉಳಿದದ್ದರಿಂದ ಆದ ಒಂದೆರಡು ತಣ್ಣಗಿನ ದೋಸೆಗಳನ್ನು ಬಾಗಿಲ ಬಳಿ ಕೂತು ಅವರು ನುಂಗುವರು. ತಿನ್ನುವುದು ಅಂತ ಅದನ್ನು ಕರೆಯಲು ನನಗೆ ಮನಸ್ಸಾಗುವುದಿಲ್ಲ. "ನೀವ್ ಮೊದ್ಲ್ ತಿನ್ನಿ ಅತ್ತೆ, ನಾ ಎರೀತೆ" ಎಂದರೆ ನಕ್ಕುಬಿಡುವರು. "ನಾ ತಿಂತಾ ಕೂಕಂಡ್ರೆ ಅವ್ರಿಗೆ ಯಾರ್ ಬಡ್ಸುದ್?" ಎನ್ನುವರು. ಒಲೆಯ ಮುಂದೆ ಇರುವವರು ಕೊನೆಗೆ ತಿನ್ನಬೇಕು ಎಂಬುದು ಯಾರೂ ಮಾಡಿದ ಕಾನೂನಲ್ಲ, ಆದರೆ ಯಾರೂ ಮೀರುತ್ತಿರಲಿಲ್ಲ. ನನಗೆ ಹಟ ಹುಟ್ಟಿತು. ಈ ಹೆಂಗಸು ಒಂದು ಸಲವಾದರೂ ಬೇರೆಯವರು ಮಾಡಿಕೊಟ್ಟದ್ದನ್ನು ಬಿಸಿ ಬಿಸಿಯಾಗಿ ತಿನ್ನಬೇಕು. ಅದಾಗದಿದ್ದರೆ ನಾನು ನನ್ನಪ್ಪನ ಮಗಳೇ ಅಲ್ಲ ಅಂದುಕೊಂಡೆ.

ದಾರಿ ತೋರಿಸಿದ್ದು ಮಾವನೇ, ಅವರಿಗೆ ಗೊತ್ತಿಲ್ಲದೆ. ಮನೆಗೆ ಕರೆಂಟು ಬಂದಾಗ ಅವರು ಚಾವಡಿಗೆ, ಅಂದರೆ ಮನೆಯ ಮುಂದಿನ ಹಜಾರಕ್ಕೆ, ದೀಪ ಹಾಕಿಸಿದ್ದರು. ರೇಡಿಯೋಕ್ಕೆಂದು ತಮ್ಮ ಆರಾಮಕುರ್ಚಿಯ ಪಕ್ಕದ ಗೋಡೆಗೆ ಪ್ಲಗ್ ಹಾಕಿಸಿದ್ದರು. ಅಡುಗೆ ಕೋಣೆಯಲ್ಲಿ ಬೆಂಕಿಯೂ ಉಂಟು ನೀರೂ ಉಂಟು, ಅಲ್ಲಿಗೆ ತಂತಿ ಬರಬಾರದು ಎಂದು ಅಪ್ಪಣೆ ಮಾಡಿದ್ದರು. ಹಾಗಾದರೆ ಕರೆಂಟಿನ ಟೋಸ್ಟರ್ ಈ ಮನೆಯಲ್ಲಿ ಎಲ್ಲಿ ಇರಬೇಕು? ಮಾವನ ಮೊಣಕೈ ಹತ್ತಿರ. ಇದು ಹೊಳೆದ ದಿನ ನಾನು ಒಬ್ಬಳೇ ನಕ್ಕಿದ್ದೇ ನಕ್ಕಿದ್ದು.

ತವರಿನಿಂದ ಬರುವಾಗ ಗಂಡನನ್ನೂ ಎಳೆದುಕೊಂಡು ಕುಂದಾಪುರದಲ್ಲಿ ಬಸ್ಸಿಳಿದೆ. ಮೊದಲು ಬೇಕರಿಗೆ ಹೋಗಿ ಬ್ರೆಡ್ ಕೊಂಡು, ಮನೆಯಲ್ಲಿ ಕತ್ತರಿಸುವ ಹಾಗೆಯೇ ದಪ್ಪಕ್ಕೆ ಕತ್ತರಿಸಿಕೊಡಿ ಎಂದೆ. ಆಮೇಲೆ ರೇಡಿಯೋ, ಇಸ್ತ್ರಿಪೆಟ್ಟಿಗೆ ಮಾರುವ ಅಂಗಡಿಗೆ ಹೋದೆವು. ನನ್ನಪ್ಪ ಹೋಟೆಲಿಗೆ ಕಾವಲಿ ಕೊಳ್ಳುವಾಗ ಅಂಗಡಿಯವರ ಮಾತು ಕೇಳುತ್ತಿರಲಿಲ್ಲ. ಬೆರಳಿನಿಂದ ಬಡಿದು, ಬೆಳಕಿಗೆ ಹಿಡಿದು, ಕೊನೆಗೆ ಅವರದೇ ಒಲೆಯ ಮೇಲಿಟ್ಟು ಕಾಯಿಸಿ ನೋಡುವರು. ಅವರ ಮಗಳು ಡಬ್ಬಿಯ ಮೇಲಿನ ಚಿತ್ರ ನೋಡಿ ಕೊಳ್ಳುವವಳಲ್ಲ.

ಅಂಗಡಿಯವರು ಕನ್ನಡಿಯ ಹಾಗೆ ಹೊಳೆಯುವ ಒಂದನ್ನು ಮುಂದಿಟ್ಟರು. "ಇದ್ ಆಟೋಮೇಟಿಕ್. ಬ್ರೆಡ್ ಹಾಕಿ ಒತ್ತುದ್, ಆದ್ಮೇಲೆ ತನ್ನಷ್ಟಕ್ಕೆ ಹಾರಿ ಬತ್ತ್" ಎಂದರು. ನನ್ನ ಗಂಡ ಅದರಲ್ಲಿ ಮುಖ ನೋಡಿಕೊಳ್ಳುತ್ತ ಆಗಲೇ ಮರುಳಾಗಿದ್ದರು. ನಾನು ಬ್ರೆಡ್ಡಿನ ಪೊಟ್ಟಣ ಬಿಚ್ಚಿ ಅವರ ಕೈಗೆ ಕೊಟ್ಟೆ.

"ಸುಡಿ, ಕಾಂಬ."

"ನಾನಾ? ನಂಗೆಂತ ಗೊತ್ತಿತ್ತ್?"

"ಗೊತ್ತಿಲ್ಲೆ ಅಂದೇ ನಿಮ್ಗೆ ಹೇಳದ್."

ನನ್ನ ಪರೀಕ್ಷೆಯೇ ಅದು. ನನಗೆ ಬೇಕಾಗಿದ್ದದ್ದು ನಾನು ಸುಡಬಲ್ಲ ಟೋಸ್ಟರ್ ಅಲ್ಲ. ಹುಟ್ಟಿದ ಮೇಲೆ ಒಂದು ಲೋಟ ನೀರು ಕಾಯಿಸಿ ಗೊತ್ತಿಲ್ಲದ ಈ ಮನೆತನದ ಗಂಡಸರು ಸುಡಬಲ್ಲ ಟೋಸ್ಟರ್. ಗಂಡ ನಮ್ಮ ದಪ್ಪ ಬ್ರೆಡ್ಡನ್ನು ಆ ಸೀಳಿನೊಳಗೆ ತುರುಕಿದರು. ಅದು ಅರ್ಧ ಇಳಿದು ಕೂತಿತು. ಒತ್ತಿದರು, ಮೇಲೆ ಬರಲಿಲ್ಲ. ಬೆರಳು ಹಾಕಲು ಹೋದಾಗ ಅಂಗಡಿಯವರು ಹೌಹಾರಿ ಪ್ಲಗ್ ಕಿತ್ತರು. ಬೊಂಬಾಯಿಯ ಯಂತ್ರಕ್ಕೆ ಬೊಂಬಾಯಿಯ ತೆಳ್ಳಗಿನ ಬ್ರೆಡ್ಡೇ ಆಗಬೇಕು.

ಇನ್ನೊಂದು ಟೋಸ್ಟರ್ ಕಪಾಟಿನ ಹಿಂಭಾಗದಲ್ಲಿ ಕೂತಿತ್ತು. ಅಷ್ಟೇನೂ ಹೊಳಪಿಲ್ಲ. ಎರಡು ಬದಿಗೂ ಬಾಗಿಲು, ನಡುವೆ ಸುರುಳಿ ತಂತಿ. ಬಾಗಿಲು ಕೆಳಗಿಳಿಸಿದರೆ ಬ್ರೆಡ್ ಜಾರಿ ತಾನೇ ಮಗುಚಿಕೊಳ್ಳುತ್ತದೆ, ಮತ್ತೆ ಮುಚ್ಚಿದರೆ ಇನ್ನೊಂದು ಮಗ್ಗುಲು ಸುಡುತ್ತದೆ. ಎಷ್ಟು ಕೆಂಪಾಯಿತೆಂದು ಕಣ್ಣಿನಿಂದಲೇ ನೋಡಬಹುದು. ಗಂಡ ಅದರಲ್ಲಿ ಮೊದಲ ತುಂಡು ಕರಿ ಮಾಡಿದರು, ಎರಡನೆಯದನ್ನು ಹದಕ್ಕೆ ತಂದರು, ಮೂರನೆಯದನ್ನು ನನ್ನನ್ನು ಕೇಳದೆ ತಾವೇ ಹಾಕಿದರು. ಅಂಗಡಿಯವರಿಗೂ ಒಂದು ಕೊಟ್ಟರು! ಆಗ ನಾನು ಅದನ್ನು ಕೈಯಲ್ಲಿ ತೂಗಿ ನೋಡಿದೆ, ಕಬ್ಬಿಣದ ಮುದ್ದೆಯ ಹಾಗೆ ಭಾರವಿತ್ತು. ತಂತಿ ಸುತ್ತಿದ ಅಭ್ರಕದ ಹಾಳೆ ಎಲ್ಲೂ ಸೀಳು ಬಿಟ್ಟಿರಲಿಲ್ಲ. ಬಾಗಿಲ ತಿರುಗಣೆ ಬಿಗಿಯಾಗಿತ್ತು, ವಯರಿಗೆ ದಪ್ಪ ಬಟ್ಟೆಯ ಹೊದಿಕೆ, ಅಷ್ಟು ಹೊತ್ತು ಕಾದರೂ ಹಿಡಿಕೆ ಕೈ ಸುಡಲಿಲ್ಲ. "ಇದನ್ನ್ ಕೊಡಿ" ಎಂದೆ. ಅಂಗಡಿಯವರು ಪೆಟ್ಟಿಗೆ ಕಟ್ಟುತ್ತ ನನ್ನ ಗಂಡನಿಗೆ, "ನಿಮ್ಮವ್ರ್ ಹೆಣ್ ಕಾಂಬುಕ್ ಬಂದ ಹಾಂಗ್ ಕಂಡ್ರಲೆ" ಎಂದರು. ಹೆಣ್ಣು ನೋಡಲು ಬಂದವರು ಇಷ್ಟು ಸರಿಯಾಗಿ ನೋಡುತ್ತಾರೆಯೇ ಎಂದು ನನಗೆ ಅನುಮಾನ.

ಮಾವನಿಗೆ ಟೋಸ್ಟರ್ ಕಂಡು ಖುಷಿಯಾದದ್ದು ನಿಜ. ಆದರೆ ಮೊದಲ ಬೆಳಿಗ್ಗೆ ಸುಟ್ಟದ್ದು ನಾನು. ಅವರು ಕುರ್ಚಿಯಲ್ಲಿ ಕಾಲು ಚಾಚಿ ತಿಂದು, "ಹಾಂ, ಇದೀಗ ಸಮ" ಎಂದರು. ನನ್ನ ಲೆಕ್ಕಾಚಾರ ತಪ್ಪಿತೇನೋ ಅಂದುಕೊಂಡೆ. ಒಳಗಿನ ಕೆಲಸ ಚಾವಡಿಗೆ ಬಂತು, ಅಷ್ಟೇ. ಮಾಡುವ ಕೈ ಬದಲಾಗಲಿಲ್ಲ.

ಅದನ್ನು ಬದಲಿಸಿದವರು ಅತ್ತೆ, ಅದೂ ಬೇಕೆಂದು ಅಲ್ಲ. ತಿನ್ನುವ ಪದಾರ್ಥ ತಾಗಿದ ಪಾತ್ರೆ ಮುಸುರೆಯಾಗಿ ಉಳಿಯಬಾರದು ಎಂಬುದು ಅವರ ಬದುಕಿನ ನಿಯಮ. ತಿಂಡಿಯಾದ ಮೇಲೆ ಮಾವ ತೋಟಕ್ಕೆ ಹೋದದ್ದೇ ತಡ, ಲೋಟ ತಟ್ಟೆಗಳ ಜೊತೆ ಟೋಸ್ಟರನ್ನೂ ಎತ್ತಿಕೊಂಡು ಬಾವಿಕಟ್ಟೆಗೆ ಹೋಗಿದ್ದಾರೆ. ತೆಂಗಿನ ನಾರು, ಬೂದಿ ಹಾಕಿ ಒಳಗೂ ಹೊರಗೂ ಉಜ್ಜಿದ್ದಾರೆ. ಕೊಡಪಾನದಲ್ಲಿ ನೀರು ಹೊಯ್ದು ತೊಳೆದು, ನೀರು ಇಳಿಯಲೆಂದು ಕಂಚಿನ ಬಟ್ಟಲುಗಳ ಸಾಲಿನಲ್ಲಿ ಬೋರಲು ಹಾಕಿದ್ದಾರೆ. ನಾನು ದನದ ಹಟ್ಟಿಯಿಂದ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ತೋಟದಿಂದ ಬಂದ ಮಾವನ ಕೂಗು ಆಚೆ ಮನೆಗೆ ಕೇಳಿತು.

"ಎಂತ ಮಾಡ್ದೆ ಮಾರಾಯ್ತಿ! ಕರೆಂಟಿನ ಸಾಮಾನಿಗೆ ನೀರ್ ಹಾಕುದಾ?"

"ತಿಂಬುದ್ ತಾಗದ್ ಪಾತ್ರಿ ಅಲ್ದಾ? ಮುಸ್ರಿ ಹಾಂಗೇ ಇಟ್ರೆ ಆತ್ತಾ?" ಎಂದರು ಅತ್ತೆ.

ನಾನು ಟೋಸ್ಟರನ್ನು ಎತ್ತಿ ಕೊಡವಿ, ಅಂಗಳದ ಚಾಪೆಯಲ್ಲಿ ಒಣಗುತ್ತಿದ್ದ ಹಲಸಿನ ಹಪ್ಪಳಗಳ ನಡುವೆ ಬಾಗಿಲು ತೆರೆದಿಟ್ಟೆ. ಹಪ್ಪಳದ ಜೊತೆ ಅದಕ್ಕೂ ದಿನಾ ಬಿಸಿಲು, ಸಂಜೆಗೆ ಒಳಗೆ. ಅತ್ತೆ ಆ ದಿನಗಳಲ್ಲಿ ಊಟವನ್ನೇ ಸರಿಯಾಗಿ ಮಾಡಲಿಲ್ಲ. ಬಿಸಿಯಾದ್ದು ತಿನ್ನಿಸಲು ಹೊರಟ ನಾನು ಅವರ ತಣ್ಣಗಿನ ತುತ್ತನ್ನೂ ಕಿತ್ತುಕೊಂಡೆನಲ್ಲ ಎಂದು ನನಗೆ ಅಳುವೇ ಬಂತು.

ಚೆನ್ನಾಗಿ ಒಣಗಿದ ಮೇಲೆ ಗಂಡ ಅದನ್ನು ಕುಂದಾಪುರಕ್ಕೆ ಒಯ್ದರು. ಅಂಗಡಿಯವರು ಬಿಚ್ಚಿ, ಮೂಲೆಯಲ್ಲಿದ್ದ ಬೂದಿ ತೆಗೆದು, ತಂತಿ ಪರೀಕ್ಷಿಸಿ ಪ್ಲಗ್ ಹಾಕಿದರಂತೆ. ಸುರುಳಿ ಕೆಂಪಗೆ ಉರಿಯಿತು. "ಬೇರೆ ಮಾಲಾಗಿದ್ರೆ ಗುಜರಿಗೇ. ಇದನ್ನೇ ಆರ್ಸಿ ತಕಂಡವ್ರ್ ಭಾರಿ ಹುಷಾರ್ ಅಂತ ಹೇಳಿ" ಎಂದರಂತೆ. ಈ ಮಾತನ್ನು ಗಂಡ ಬಂದ ಕೂಡಲೇ ಹೇಳಲಿಲ್ಲ. ಬಾಯಿ ಬಿಡಿಸಲು ನಾನು ಎರಡು ಸಲ ಚಹಾ ಮಾಡಿಕೊಡಬೇಕಾಯಿತು. ಆ ಹೊಗಳಿಕೆ ನನಗೆ ಇವತ್ತಿಗೂ ಬೆಚ್ಚಗಿದೆ.

ಅಂದೇ ಮಾವ ಚಾವಡಿಯ ನಡುವೆ ನಿಂತು ಅಪ್ಪಣೆ ಹೊರಡಿಸಿದರು: "ಇನ್ ಮೇಲೆ ಇದ್ ಒಳ್ಗೆ ಹೋಪುದ್ ಬ್ಯಾಡ. ಯಾರೂ ಮುಟ್ಟುದೂ ಬ್ಯಾಡ. ನಾನೇ ಕಾಣ್ಕಂತೆ." ನಾನು ತಲೆ ಬಗ್ಗಿಸಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದೆ. ಅವರು ಅದನ್ನು ವಿನಯ ಎಂದು ತಿಳಿದಿರಬೇಕು.

ಹೀಗೆ ನಮ್ಮ ಮಾವ ಅಡುಗೆ ಕಲಿತರು. ಬೆಳಿಗ್ಗೆ ಹೆಗಲ ಬೈರಾಸಿನಿಂದ ಟೋಸ್ಟರ್ ಒರೆಸಿ, ಪ್ಲಗ್ ಹಾಕಿ, ಬಾಗಿಲು ತೆರೆದು ಬಗ್ಗಿ ನೋಡುವರು. ಮಕ್ಕಳು ಸುತ್ತ ಕೂತು "ಅಜ್ಜಯ್ಯ ನಂಗೆ, ಅಜ್ಜಯ್ಯ ನಂಗೆ" ಎಂದು ಕೈ ಚಾಚಿದರೆ ಅವರ ಮೀಸೆ ಅರಳುವುದು. ಗೇಣಿಯ ಮಾತಾಡಲು ಬಂದವರಿಗೂ ಟೋಸ್ಟ್, ಪೋಸ್ಟಿನವನಿಗೂ ಟೋಸ್ಟ್. ಯಾರಿಗೆ ಕೆಂಪು, ಯಾರಿಗೆ ಬಿಳಿ, ಯಾರಿಗೆ ಬೆಣ್ಣೆ ಹೆಚ್ಚು ಎಂಬುದೆಲ್ಲ ಅವರಿಗೆ ಬಾಯಿಪಾಠ. ಅಡುಗೆ ಕೋಣೆಯ ಬಾಗಿಲಲ್ಲಿ ನಿಂತು ಅತ್ತೆ ಅದನ್ನು ನೋಡುವರು. ಮಿಕ್ಕಿದ್ದರೆ ಅವರಿಗೂ ಒಂದು ಬರುತ್ತಿತ್ತು, ಮಕ್ಕಳ ಕೈಯಲ್ಲಿ, ತಣ್ಣಗಾಗಿ. ನಾನು ಹಲ್ಲು ಕಚ್ಚಿಕೊಂಡು ಕಾದೆ.

ಒಂದು ಬೆಳಿಗ್ಗೆ ಮನೆ ತುಂಬ ನೆಂಟರಿದ್ದರು. ಮಾವ ಸುಟ್ಟರು, ಕೊಟ್ಟರು, ಸುಟ್ಟರು, ಕೊಟ್ಟರು. ಅವರ ಸ್ವಂತದ ತುಂಡು ಪಕ್ಕದಲ್ಲಿ ಕಾಯುತ್ತ ಕೂತಿತ್ತು. ಎಲ್ಲರೂ ಕೈ ತೊಳೆದು ಅಂಗಳಕ್ಕೆ ಇಳಿದ ಮೇಲೆ ಅದನ್ನು ಕಚ್ಚಿದರು, ಎಳೆದರು, ಮುಖ ಸಿಂಡರಿಸಿದರು.

"ಎಲ್ರಿಗೂ ಬಿಸಿ ಬಿಸಿ ಕೊಟ್ಟೆ. ನಂದ್ ಕಾಣ್, ಚರ್ಮದ ಹಾಂಗೆ ಆಯ್ತ್" ಎಂದು ಗೊಣಗಿದರು.

ಬಾಗಿಲಲ್ಲಿದ್ದ ಅತ್ತೆ ಹೇಳಿದರು: "ಒಲಿ ಎದ್ರಿಗ್ ಇಪ್ಪವ್ರಿಗೆ ಹಾಂಗೇ. ಬಿಸಿ ಸಿಕ್ಕುದಿಲ್ಲೆ."

ಅದರಲ್ಲಿ ಚುಚ್ಚು ಇರಲಿಲ್ಲ, ದೂರು ಇರಲಿಲ್ಲ. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಹಳಬರು ಸಮಾಧಾನ ಹೇಳುವ ಹಾಗಿತ್ತು. ಮಾವ ಕೈಯಲ್ಲಿದ್ದ ತುಂಡನ್ನು ನೋಡಿದರು. ಅತ್ತೆಯನ್ನು ನೋಡಿದರು. ಆಮೇಲೆ ಪೊಟ್ಟಣದಿಂದ ಬ್ರೆಡ್ ತೆಗೆದು, ಎರಡೂ ಬದಿ ಹದವಾಗಿ ಸುಟ್ಟು, ಬೆಣ್ಣೆ ಹಚ್ಚಿ, ತಟ್ಟೆ ಹಿಡಿದು ಎದ್ದರು. ಚಾವಡಿ ದಾಟಿ ಅಡುಗೆ ಕೋಣೆಯ ಹೊಸ್ತಿಲವರೆಗೆ ಬಂದರು. ತಟ್ಟೆ ಹಿಡಿದು ಅವರು ಆ ಕಡೆಯಿಂದ ಈ ಕಡೆಗೆ ಬಂದದ್ದನ್ನು ಆ ಮನೆ ಕಂಡದ್ದು ಅದೇ ಮೊದಲು.

"ತಕೋ. ಬಿಸಿ ಬಿಸಿ ತಿನ್."

ಅತ್ತೆ ಗಾಬರಿಯಾದರು. "ನಂಗೆಂತಕೆ? ನಂಗ್ ಜ್ವರ ಇಲ್ಲೆ."

"ಜ್ವರ ಬಂದ್ರ್ ಮಾತ್ರ ತಿಂಬುದಾ? ತಿನ್ ಅಂದೆ."

ನಾನು ಅತ್ತೆಯ ಕೈಯ ಸಟ್ಟುಗ ಕಿತ್ತುಕೊಂಡೆ. "ಕೂಕಣಿ ಅತ್ತೆ. ಒಲಿ ನಾ ಕಾಂತೆ" ಎಂದು ಮಣೆ ಎಳೆದು ಕೂರಿಸಿದೆ. ಅತ್ತೆ ಕಚ್ಚಿದರು. ಕರುಂ ಎಂದ ಸದ್ದು ನನಗೆ ಒಲೆಯ ಹತ್ತಿರಕ್ಕೂ ಕೇಳಿತು. ಬೆಣ್ಣೆ ಕರಗಿ ಮಣಿಕಟ್ಟಿಗೆ ಇಳಿಯಿತು, ಅದನ್ನೂ ಬಿಡಲಿಲ್ಲ. ಮಾವ ಹೊಸ್ತಿಲಲ್ಲೇ ನಿಂತಿದ್ದರು. ನನ್ನ ಕಣ್ಣು ತುಂಬಿದ್ದು ಹೊಗೆಗೆ ಎಂದು ಸುಳ್ಳು ಹೇಳಲಾರೆ, ಹೆಮ್ಮೆಗೆ ತುಂಬಿತ್ತು.

ತಿಂದು ಮುಗಿಸಿ ಅತ್ತೆ ಸೆರಗಿನಲ್ಲಿ ಬಾಯಿ ಒರೆಸಿಕೊಂಡರು. ಎಲ್ಲರಿಗೂ ಇನ್ನೊಂದು ಹಾಕಲಾ, ಇನ್ನೊಂದು ಹಾಕಲಾ ಎಂದು ಕೇಳುತ್ತ ಬಂದ ಹೆಂಗಸು, ತನಗೆಂದು ಇನ್ನೊಂದು ಕೇಳಿದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. ಮಾವನ ಮುಖ ನೋಡದೆ, ಖಾಲಿ ತಟ್ಟೆಯನ್ನು ಅವರ ಕಡೆಗೆ ಸ್ವಲ್ಪ ಸರಿಸಿ ಅವರು ಕೇಳಿದರು:

"ಇನ್ನೊಂದ್ ಇತ್ತಾ?"

"ಇತ್ತ್, ಇತ್ತ್" ಎನ್ನುತ್ತ ಮಾವ ತಟ್ಟೆ ಎತ್ತಿಕೊಂಡು ಚಾವಡಿಗೆ ಹೋದರು.